ಮೀನಿನ ಕ್ರೇಟಿನ ಮೇಲೆ ಕೂಸಪ್ಪಣ್ಣನ ಜಾಝ್

ಕಟಪಾಡಿ ಜಂಕ್ಷನ್ನಿನ ಹತ್ತಿರ ನನ್ನ ಅಂಗಡಿ ಉಂಟು. 'ಸರ್ವೋತ್ತಮ ಸೌಂಡ್ಸ್' ಎಂದರೆ ಪಡುಬಿದ್ರಿಯಿಂದ ಹೆಬ್ರಿಯವರೆಗೆ ಯಾರು ಬೇಕಾದರೂ ತೋರಿಸಿಯಾರು. ಮೂವತ್ತು ವರ್ಷಗಳಿಂದ ಮದುವೆ, ಭೂತದ ನೇಮ, ಭಜನೆ, ಶಾಲಾ ವಾರ್ಷಿಕೋತ್ಸವ ಎಲ್ಲಕ್ಕೂ ಮೈಕ್ ಕಟ್ಟಿದವನು ನಾನು. ಸೌಂಡಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾಲ್ಕು ಮಾತು ಬೈಯದೆ ಕಳುಹಿಸಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ಬರೆಯಹೊರಟಿರುವುದು ನಾನು ಸೋತ ಸಂಗತಿ, ಮತ್ತು ಬರೆಯುವಾಗ ನನಗೆ ನಾಚಿಕೆಯ ಬದಲು ಹೆಮ್ಮೆಯೇ ಆಗುತ್ತಿದೆ.

ಕಾಪುವಿನ ಕೂಸಪ್ಪಣ್ಣನಿಗೆ ಈಗ ಅರುವತ್ತರ ಹತ್ತಿರ. ಮೀಸೆ ಚಿಗುರುವ ಮೊದಲೇ ಮೀನಿನ ಬೋಟು ಹತ್ತಿದವರು, ಆಮೇಲೆ ಇಪ್ಪತ್ತೆರಡು ವರ್ಷ ಬಹರೈನಿನಲ್ಲಿ ಹಡಗು ಎಳೆಯುವ ಟಗ್ ಬೋಟಿನಲ್ಲಿ ದುಡಿದರು. ಅಲ್ಲಿ ಎಂಜಿನ್ ರೂಮಿನಲ್ಲಿ ಜೊತೆಗಿದ್ದ ಗೋವಾದ ಕಾರ್ಲ್ ಎಂಬವರು ರಜೆಯ ದಿನ ಗಿಟಾರ್ ಹಿಡಿದು ಜಾಝ್ ಬಾರಿಸುತ್ತಿದ್ದರಂತೆ. ಒಂದು ರಾಗವನ್ನು ಒಮ್ಮೆ ನೆಟ್ಟಗೆ ಬಾರಿಸುವುದು, ಆಮೇಲೆ ಮನಸ್ಸು ಬಂದ ಕಡೆಗೆಲ್ಲ ಸುತ್ತಾಡಿಸಿ ಮತ್ತೆ ಮನೆಗೆ ಕರೆತರುವುದು. ಕೂಸಪ್ಪಣ್ಣನಿಗೆ ಅದರ ಹುಚ್ಚು ಹಿಡಿಯಿತು. ಕಾರ್ಲ್ ಕೈಹಿಡಿದು ಕಲಿಸಿದರು. ಊರಿಗೆ ಹೊರಡುವಾಗ ತಮ್ಮ ಹಳೆಯ ಗಿಟಾರನ್ನೇ ಕೊಟ್ಟು, "ಜನರ ಎದುರು ಬಾರಿಸು. ಕೋಣೆಯೊಳಗೆ ಕೊಳೆಸಬೇಡ" ಎಂದರಂತೆ.

ಕೂಸಪ್ಪಣ್ಣ ಹತ್ತು ವರ್ಷ ಕೋಣೆಯೊಳಗೇ ಬಾರಿಸಿದರು. ಮಕ್ಕಳು ಕಲಿಯಲು ಕೊಳ್ಳುವಂಥ ಅಗ್ಗದ ಆಂಪ್ಲಿಫೈಯರ್ ಒಂದಿತ್ತು, ಅನ್ನದ ಕುಕ್ಕರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಕಾರ್ಲ್ ಬಾರಿಸುವಾಗ ಬರುತ್ತಿದ್ದ ಆ ದುಂಡಗಿನ, ಮೆತ್ತಗಿನ ನಾದ ಬರುವುದಿಲ್ಲ ಎಂಬುದೊಂದೇ ಅವರ ಕೊರಗು.

ಕೊನೆಗೆ ನನ್ನಲ್ಲಿಗೆ ಬಂದರು. "ಸರ್ವೋತ್ತಮ, ಇದನ್ನು ಸರಿ ಮಾಡಿ ಕೊಡು ಮಾರಾಯ."

"ಕೂಸಪ್ಪಣ್ಣ, ದುಂಡಗೆ ಬೇಕಾದ್ರೆ ಬೇಸ್ ಬೇಕು. ಬೇಸ್ ಬೇಕಾದ್ರೆ ನಾನು ಬೇಕು" ಎಂದೆ. ಆಗ ನನಗೆ ಅಷ್ಟು ಸೊಕ್ಕು.

ಅವರ ವಠಾರದ ಯುವಕ ಮಂಡಲದ ವಾರ್ಷಿಕೋತ್ಸವ ಹತ್ತಿರವಿತ್ತು. ವೇದಿಕೆಯಲ್ಲಿ ಆ ಕುಕ್ಕರಿನಂಥ ಆಂಪ್ಲಿಫೈಯರನ್ನಿಟ್ಟು ಬೇಸ್ ಪೂರ್ತಿ ಏರಿಸಿದೆ. ಎದುರಿಗೆ ಮೈಕ್ ಹಿಡಿಸಿ ನನ್ನ ದೊಡ್ಡ ಸ್ಪೀಕರುಗಳಿಗೆ ಜೋಡಿಸಿ, ಅಲ್ಲಿಯೂ ಬೇಸ್ ಏರಿಸಿದೆ. ಕೂಸಪ್ಪಣ್ಣ ಕಣ್ಣು ಮುಚ್ಚಿ ಶುರು ಮಾಡಿದರು. ಗುಂ ಎಂದಿತು. ಮತ್ತೆ ಗುಂ ಎಂದಿತು. ಊಟದ ಚಪ್ಪರದಿಂದ ಸಮಿತಿಯವರೊಬ್ಬರು ಓಡಿ ಬಂದು, "ಜನರೇಟರ್ ಕೆಟ್ಟಿದೆ, ಬೊಬ್ಬೆ ಹಾಕ್ತಾ ಉಂಟು" ಎಂದು ಅದನ್ನು ನಿಲ್ಲಿಸಿಬಿಟ್ಟರು. ಎಲ್ಲ ಒಮ್ಮೆಲೇ ಬಂದ್. ಜನ ಹೊಟ್ಟೆ ಹಿಡಿದು ನಕ್ಕರು. ಕೂಸಪ್ಪಣ್ಣ ಗಿಟಾರನ್ನು ಮಗುವಿನ ಹಾಗೆ ಅಪ್ಪಿಕೊಂಡು ಮೆಟ್ಟಿಲಿಳಿದು ಹೋದರು. ನನಗೆ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ತಿಂಗಳು ಗಿಟಾರ್ ಚೀಲದಿಂದ ಹೊರಗೆ ಬರಲಿಲ್ಲ. ಮಣಿಪಾಲದಲ್ಲಿ ಹೋಟೆಲು ನಡೆಸುವ ಶೆಲ್ಡನ್ ಎಂಬ ಯುವಕ ಅವರ ಮನೆ ಹುಡುಕಿಕೊಂಡು ಬಾರದಿದ್ದರೆ ಅದು ಅಲ್ಲೇ ಇರುತ್ತಿತ್ತು. ವಾರ್ಷಿಕೋತ್ಸವದ ದಿನ ಅವನೂ ಸಭೆಯಲ್ಲಿದ್ದನಂತೆ. "ಅಂಕಲ್, ನನಗೆ ಸ್ವರ ಕೇಳಿಸಲಿಲ್ಲ. ಆದರೆ ನಿಮ್ಮ ಕೈ ನೋಡಿದೆ. ಭಾನುವಾರ ಮಧ್ಯಾಹ್ನ ನಮ್ಮ ಹೋಟೆಲಲ್ಲಿ ಅರ್ಧ ಗಂಟೆ ಬಾರಿಸಿ. ಜನ ಕೂತು ಕೇಳಿದ್ರೆ ಪ್ರತಿ ಭಾನುವಾರ ನಿಮ್ಮದೇ."

ಕೂಸಪ್ಪಣ್ಣ ನನಗೆ ಫೋನ್ ಮಾಡಿದರು. "ಇದೂ ಜನರೇಟರ್ ಆದ್ರೆ ಗಿಟಾರನ್ನು ಕಾರ್ಲನಿಗೆ ವಾಪಸ್ ಕಳಿಸ್ತೇನೆ. ಮತ್ತೆ ಮುಟ್ಟುವುದಿಲ್ಲ." ಅವರು ಸುಮ್ಮನೆ ಹೇಳುವ ಜನ ಅಲ್ಲ. ನಾನು ವಾಹನ ತುಂಬ ಸಾಮಾನು ಹೇರಿಕೊಂಡು ಅವರ ಮನೆಗೆ ಹೋದೆ.

ಆಂಪ್ಲಿಫೈಯರನ್ನು ಸಿಮೆಂಟಿನ ನೆಲದ ಮೇಲಿಟ್ಟು, ಇಬ್ಬರೂ ಅದರ ಬಾಯಿಗೆ ಕಿವಿ ಕೊಟ್ಟು, ನಾಬ್ ತಿರುಗಿಸಿ ತಿರುಗಿಸಿ ಸಾಕಾಯಿತು. ಬೇಸ್ ಏರಿಸಿದರೆ ಗುಂ, ಟ್ರೆಬಲ್ ಏರಿಸಿದರೆ ತಗಡು. ಅಷ್ಟರಲ್ಲಿ ಅವರ ಹೆಂಡತಿ ವಾರಿಜಕ್ಕ ಮೀನು ಮಾರಿ ಬಂದರು. ಕಟಪಾಡಿಯಲ್ಲಿ ಅವರು ಬಂಗುಡೆ ಎಂದು ಕರೆದರೆ ಹೆದ್ದಾರಿಯ ಆಚೆ ಬದಿಯಲ್ಲಿ ಬಸ್ಸಿಗೆ ಕಾಯುವವರೂ ತಿರುಗಿ ನೋಡುತ್ತಾರೆ, ಅಂಥ ಸ್ವರ. ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುತ್ತಾ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಒಳಗೆ ಬಂದು ನೆಲಕ್ಕೆ ಅಂಗೈ ಇಟ್ಟರು.

"ನೆಲ ನಡುಗ್ತಾ ಉಂಟಲ್ಲ ಸರ್ವೋತ್ತಮಣ್ಣ. ಹಾಡುವುದು ಪೆಟ್ಟಿಗೆಯೋ ನೆಲವೋ?"

"ವಾರಿಜಕ್ಕ, ಇದು ಬೇರೆ ವಿಷಯ, ನಿಮಗೆ ಗೊತ್ತಾಗಲಿಕ್ಕಿಲ್ಲ" ಎಂದೆ.

ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಗಳದಿಂದ ತೊಳೆದಿಟ್ಟ ಮೀನಿನ ಕ್ರೇಟ್ ತಂದು ಬೋರಲು ಹಾಕಿ, ಆಂಪ್ಲಿಫೈಯರನ್ನು ಅದರ ಮೇಲೇರಿಸಿ, ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದರು. ಗುಂ ಎನ್ನುವುದು ಅರ್ಧ ಅಲ್ಲೇ ಇಳಿಯಿತು.

"ಅದರ ಬಾಯಿಗೆ ಕಿವಿ ಇಟ್ಟು ಎಂತ ಕೇಳ್ತೀರಿ? ಗಿರಾಕಿ ಎಲ್ಲಿ ನಿಲ್ತಾನೋ ಅಲ್ಲಿಂದ ಕೇಳ್ಬೇಕು" ಎಂದು ವಾರಿಜಕ್ಕ ಬಾವಿಕಟ್ಟೆಯ ಹತ್ತಿರ ಹೋಗಿ ನಿಂತರು. "ದಪ್ಪ ಮಾಡಿ ಕರೆದ್ರೆ ಸ್ವರ ಅಲ್ಲೇ ಬೀಳ್ತದೆ. ಸಪೂರ ಮಾಡಿದ್ರೆ ಜನಕ್ಕೆ ಕಿರಿಕಿರಿ. ಮಧ್ಯದ್ದು ಯಾವುದು, ಅದನ್ನು ಏರಿಸಿ."

ಮಧ್ಯದ್ದು ಎಂದರೆ ಮಿಡ್. ಮೂವತ್ತು ವರ್ಷದಲ್ಲಿ ನಾನು ಕೈ ಹಚ್ಚದ ನಾಬ್ ಅದು. ನಮ್ಮ ಕಡೆ ಬೇಸ್ ಕೇಳುತ್ತಾರೆ, ಇಲ್ಲವೇ ಟ್ರೆಬಲ್ ಕೇಳುತ್ತಾರೆ. ಮಿಡ್ ಏರಿಸಿದೆ. ಬಾವಿಕಟ್ಟೆಯಿಂದ ಕೈಸನ್ನೆ ಬಂದ ಹಾಗೆ ಬೇಸ್ ಇಳಿಸಿದೆ, ಮತ್ತೂ ಇಳಿಸಿದೆ. ಟ್ರೆಬಲನ್ನು ಅರ್ಧಕ್ಕಿಂತ ಕೆಳಗೆ ತಂದೆ. ಕರ್ಕಶ ಬಾರದ ಹಾಗೆ ಗೈನ್ ತಗ್ಗಿಸಿದೆ. ಕೂಸಪ್ಪಣ್ಣ ಗಿಟಾರಿನಲ್ಲಿ ತಂತಿಯ ಸ್ವರ ಹಿಡಿಯುವ ಪಿಕಪ್ಪುಗಳ ಪೈಕಿ ಕುತ್ತಿಗೆಯ ಬದಿಯದ್ದನ್ನು ಮಾತ್ರ ಉಳಿಸಿಕೊಂಡರು. ತಂತಿ ಮೀಟುವ ಪ್ಲಾಸ್ಟಿಕ್ ಚೂರನ್ನು ಕೆಳಗಿಟ್ಟು, ಬೋಟಿನ ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಹೆಬ್ಬೆರಳಿನಿಂದಲೇ ತಂತಿ ಮುಟ್ಟಿದರು.

ಬಂತು. ಆ ದುಂಡಗಿನ ನಾದ ಆ ಕುಕ್ಕರಿನಿಂದಲೇ ಬಂತು. ಕೂಸಪ್ಪಣ್ಣ ಒಂದೇ ಸ್ವರ ಬಾರಿಸಿ, ಅದು ಪೂರ್ತಿ ಮುಗಿಯುವವರೆಗೆ ಕಾದು, "ಕಾರ್ಲ್" ಎಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಆದರೂ ಭಾನುವಾರ ನಾನು ನನ್ನ ಎರಡು ದೊಡ್ಡ ಸ್ಪೀಕರುಗಳನ್ನು ಮಣಿಪಾಲಕ್ಕೆ ಒಯ್ದು ನಿಲ್ಲಿಸಿದೆ. ಚಟ ಬಿಡಬೇಕಲ್ಲ! ಕೂಸಪ್ಪಣ್ಣ ಕ್ರೇಟಿನ ಪಕ್ಕ ಕುಳಿತು ಮೆಲ್ಲನೆ ಹೇಳಿದರು, "ನಿನ್ನದು ಆಫ್ ಮಾಡು ಮಾರಾಯ." ಸಿಟ್ಟು ನೆತ್ತಿಗೇರಿತು. ವಯರನ್ನೇ ಕಿತ್ತು ಕೈಯಲ್ಲಿ ಹಿಡಿದು ಮೂಲೆಗೆ ಹೋದೆ.

ನಲುವತ್ತು ಜನ ಊಟ ಮಾಡುತ್ತಿದ್ದರು. ವಾರಿಜಕ್ಕ ಮೀನು ಬೇಗ ಮುಗಿಸಿ ಬಸ್ಸಿನಲ್ಲಿ ಬಂದು, ಎಲ್ಲಕ್ಕಿಂತ ಹಿಂದೆ, ಅಡುಗೆಮನೆಯ ಬಾಗಿಲ ಬಳಿ ಕುಳಿತಿದ್ದರು. ಕೂಸಪ್ಪಣ್ಣ ಒಂದು ಸ್ವರ ಬಾರಿಸಿ ನೋಡಿದಾಗ ಅವರ ಅಂಗೈ ಸ್ವಲ್ಪ ಕೆಳಗಾಯಿತು. ಕೂಸಪ್ಪಣ್ಣ ಬೇಸನ್ನು ಕೂದಲೆಳೆಯಷ್ಟು ಇಳಿಸಿ ಶುರು ಮಾಡಿದರು. ಮೊದಲು ಚಮಚದ ಸದ್ದು ನಿಂತಿತು. ಆಮೇಲೆ ಮಾತು ನಿಂತಿತು. ಕಾಲೇಜಿನ ಮಕ್ಕಳು ಮೊಬೈಲನ್ನು ಮೇಜಿನ ಮೇಲೆ ಬೋರಲಿಟ್ಟರು. ಸಪ್ಲಾಯರ್ ಒಬ್ಬ ಸಾಂಬಾರಿನ ಪಾತ್ರೆ ಹಿಡಿದು ನಿಂತವನು ಬಡಿಸುವುದನ್ನೇ ಮರೆತ. ಅರ್ಧ ಗಂಟೆ ಎಂದಿದ್ದದ್ದು ಒಂದು ಗಂಟೆಯಾದರೂ ಯಾರೂ ಏಳಲಿಲ್ಲ.

ಶೆಲ್ಡನ್ ನೆಟ್ಟಗೆ ನನ್ನಲ್ಲಿಗೆ ಬಂದು ಕೈ ಕುಲುಕಿದ. "ಎಂಥ ಸೌಂಡ್ ಅಂಕಲ್! ನಿಮ್ಮ ಸ್ಪೀಕರ್ ಸೂಪರ್!" ಬಾಗಿಲಿನ ಕಪ್ಪು ಹಲಗೆಯಲ್ಲಿ ಅವನಾಗಲೇ ಸುಣ್ಣದ ಕಡ್ಡಿಯಿಂದ ಬರೆದಿದ್ದ: ಪ್ರತಿ ಭಾನುವಾರ. ಗಿಟಾರ್: ಕೂಸಪ್ಪ. ಸೌಂಡ್: ಸರ್ವೋತ್ತಮ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಲಗೆಯಲ್ಲಿದ್ದ ನನ್ನ ಹೆಸರನ್ನು ಇನ್ನೊಮ್ಮೆ ಓದಿದೆ ಕೂಡ. ಆಮೇಲೆ ಕೈಯಲ್ಲಿದ್ದ ವಯರನ್ನು ಅವನಿಗೆ ತೋರಿಸಿದೆ, ನನ್ನ ಹೆಸರನ್ನು ಅಂಗೈಯಿಂದ ಒರೆಸಿದೆ, ಆ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ವಾರಿಜಾ' ಎಂದು ಬರೆದೆ. ಸೌಂಡ್ ಎಂಬ ಮಾತಿನ ಮುಂದೆ ನಾನು ಬೇರೆಯವರ ಹೆಸರು ಬರೆದದ್ದು ಜೀವಮಾನದಲ್ಲಿ ಅದೇ ಮೊದಲು.

"ಎಂತ ಮರ್ಲು ನಿಮಗೆ, ಸರ್ವೋತ್ತಮಣ್ಣ?" ಎಂದು ವಾರಿಜಕ್ಕ ಹಿಂದಿನಿಂದ ಎದ್ದು ಬಂದು ಗದರಿದರು. ಆದರೆ ಹಲಗೆಯ ಮುಂದಿನಿಂದ ಕದಲಲಿಲ್ಲ. ಕೂಸಪ್ಪಣ್ಣ ಗಿಟಾರನ್ನೂ ಆ ಮೀನಿನ ಕ್ರೇಟನ್ನೂ ಹಿಡಿದುಕೊಂಡೇ ಬಂದು ಹೆಂಡತಿಯ ಪಕ್ಕದಲ್ಲಿ ನಿಂತು, ಕಾರ್ಲನಿಗೆ ಕಳಿಸಲು ಒಂದು ಫೋಟೋ ಬೇಕು ಎಂದರು. ವಾರಿಜಕ್ಕ ಸೆರಗು ಸರಿಮಾಡಿಕೊಂಡು, ಕ್ರೇಟನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು.

"ಹೆಸರು ಕಾಣುವ ಹಾಗೆ ತೆಗೀರಿ" ಎಂದರು.

ನಾನೇ ತೆಗೆದೆ.