ಬ್ಯಾನರಿನಲ್ಲಿ ಗೆದ್ದ ಅಕ್ಕ

ಬ್ಯಾನರ್ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮ, ಊರಿನವರ ಹೆಸರುಗಳನ್ನು ತಪ್ಪಾಗಿ ಅಚ್ಚು ಹಾಕಿ ಬೈಸಿಕೊಳ್ಳುವುದರಲ್ಲಿ ಪಳಗಿದವನು. ಅಕ್ಕನ ಬ್ಯಾನರನ್ನು ಮಾತ್ರ ಒಂದು ಕಾಗುಣಿತವೂ ತಪ್ಪದಂತೆ ಮಾಡಿ ಬೀಗುತ್ತಾ ತಂದ. ಆಸ್ಪತ್ರೆಯ ಹಾಲ್‌ನಲ್ಲಿ ಅವಳು ಹೊಸ ರೋಗಿಗಳೊಂದಿಗೆ ಮಾತಾಡುವುದಿತ್ತು. ‘ಸ್ತನ ಕ್ಯಾನ್ಸರ್ ಗೆದ್ದವರ ಜೊತೆ ಮಾತುಕತೆ’ ಎಂದಿತ್ತು ಬ್ಯಾನರ್.

ಅಕ್ಕ ಓದಿ ನಕ್ಕಳು. “ನಾನ್ಯಾವಾಗ ಗೆದ್ದೆನೋ? ನಂಗೇ ಯಾರೂ ಹೇಳಿಲ್ವಲ್ಲ!”

“ಕೇಳೋಕೆ ಚೆನ್ನಾಗಿರುತ್ತೆ ಅಂತ...”

“ಮೂಳೆಗೆ ಹಬ್ಬಿರೋದು ಪೂರ್ತಿ ಹೋಗಲ್ಲ ಕಣೋ. ಮಾತ್ರೆ ನುಂಗ್ತಾ ಇರ್ತೀನಿ, ಬಟ್ಟೆ ಹೊಲೀತಾ ಇರ್ತೀನಿ, ನಿನ್ನ ಬೈತಾ ಇರ್ತೀನಿ. ನನ್ನಂಥೋಳು ಒಬ್ಳು ಬಂದು ಇದನ್ನ ಓದಿದ್ರೆ, ತಾನು ಸೋತೆ ಅಂದ್ಕೊಂಡು ಬಾಗಿಲಿಂದ್ಲೇ ವಾಪಸ್ ಹೋಗ್ತಾಳೆ.”

ತಮ್ಮ ‘ಗೆದ್ದವರ’ ಎಂಬುದರ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ‘ಇರುವವರ’ ಎಂದು ಬರೆದ. ಅವಸರದಲ್ಲಿ ಅದು ಸೊಟ್ಟಗಾಯಿತು.

ಮಾತುಕತೆಯ ನಡುವೆ, ತಲೆಗೆ ಸ್ಕಾರ್ಫ್ ಸುತ್ತಿಕೊಂಡ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಬ್ಯಾನರ್ ಓದಿದಳು.

“ಅಕ್ಕಾ, ನಂದು ಲಿವರ್‌ಗೆ ಹೋಗಿದೆಯಂತೆ. ಒಳಗೆ ಬರಬಹುದಾ?”

“ಬಾಮ್ಮ, ಕೂತ್ಕೋ. ನಂದು ಮೂಳೆಗೆ ಹೋಗಿದೆ” ಎಂದ ಅಕ್ಕ, ಪಕ್ಕದ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ ತಮ್ಮನನ್ನು ಎಬ್ಬಿಸಿದಳು.