ನೀಲಿ ಮುಚ್ಚಳದ ಶೀಶೆ

ಫ್ರೀಜರಿನ ಪ್ಲಗ್ಗು ಕಿತ್ತವಳು ನಾನು. ಕೇಳಿದಾಗ ಇಲ್ಲ ಎಂದವಳೂ ನಾನೇ. ನಸೀಮಾ ಎಂಬ ಹುಡುಗಿಯ ಓದು ಮುರಿದುಬಿದ್ದದ್ದು ಆ ಒಂದು ಮಾತಿನಿಂದ — ಚನ್ನೀ, ಶರಣೂ, ಇದು ನಿಮ್ಮ ಅಮ್ಮನಿಗೂ ನಾನು ಹೇಳದ ಸಂಗತಿ.

ಹೋದ ತಿಂಗಳು ಊಟಕ್ಕೆ ಕೂತಾಗ ಶರಣು ಕೇಳಿದ: “ಅಜ್ಜೀ, ಲ್ಯಾಬಿನಾಗ ನೀ ಏನರ ಒಡದಿದ್ದೇನು? ಖರೇ ಹೇಳಬೇಕು ನೋಡು.” ಚನ್ನಿ ನಕ್ಕಳು. “ಅಜ್ಜಿ ನಡದ್ರ ನೆಲಕ್ಕ ಗೊತ್ತಾಗಂಗಿಲ್ಲ. ಆಕಿ ಏನು ಒಡೀತಾಳಲೇ!” ನಾನು ಇಲ್ಲ ಎಂದೆ. ಅದೇ ಇಲ್ಲ — ಎರಡನೆಯ ಸಲ. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನಿಮ್ಮ ಮುಖ ನೋಡಿಕೊಂಡು ಹೇಳುವುದು ನನ್ನಿಂದಾಗದು. ಹಳ್ಳಿಯ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇದಕ್ಕಾದರೂ ಆಗಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಸಂಶೋಧನೆ ಮಾಡುವವರ ಕೋಣೆಯಲ್ಲಿ ಗಾಜಿನ ಸಾಮಾನು ತೊಳೆಯುವುದು, ನೆಲ ಒರೆಸುವುದು. ನಸೀಮಾ ಸಿರುಗುಪ್ಪದವಳು, ಅಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಜೀವಕೋಶಕ್ಕೆ ಬಿಸಿ ತಾಗಿ ಸಂಕಟವಾದಾಗ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳಿವೆಯಂತೆ; ಅವಕ್ಕೆ ಕೈನೇಸ್ ಎನ್ನುತ್ತಾರಂತೆ. ಅವು ಎಚ್ಚೆತ್ತಿದ್ದರೆ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತವೆ. ಆ ಪರೀಕ್ಷೆಗೆ ವೆಸ್ಟರ್ನ್ ಬ್ಲಾಟ್ ಎಂದು ಹೆಸರು. ನನಗೆ ತಿಳಿದದ್ದು ಇಷ್ಟೇ, ಅದೂ ಅವಳು ಹೇಳಿದ್ದು.

ಫ್ರೀಜರಿನಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ, ನೀಲಿ ಮುಚ್ಚಳದ ಒಂದು ಶೀಶೆ ಇರುತ್ತಿತ್ತು. ಪಾಸಿಟಿವ್ ಕಂಟ್ರೋಲ್ ಎನ್ನುತ್ತಿದ್ದರು. ಹೊರಗಿನಿಂದ ತರಿಸಿದ್ದು.

“ಇದರಾಗ ಆ ಪ್ರೋಟೀನ್ ಐತಿ ಅಂತ ಮೊದ್ಲ ಗೊತ್ತಿರ್ತೈತ್ರಿ ಅಮ್ಮ,” ಎಂದಿದ್ದಳು ಒಮ್ಮೆ. “ಇದರ ಗೆರಿ ಬಂತಂದ್ರ ನಾ ಮಾಡಿದ್ದು ಸರಿ ಐತಿ ಅಂತ. ಇದರದ ಬರಲಿಲ್ಲ ಅಂದ್ರ ಉಳಿದಿದ್ದು ಯಾವ್ದೂ ನಂಬಾಕ ಬರಂಗಿಲ್ಲ. ಕರಗಿ ಹಾಂಗ ಬಿಟ್ರ ಮುಗೀತು, ಇದು ಸತ್ತಂಗ.”

ಇದನ್ನು ನಾನು ಕೇಳಿದ್ದೆ. ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಆ ವರ್ಷ ಆಯುಧ ಪೂಜೆಯ ಹಿಂದಿನ ದಿನವೇ ಲ್ಯಾಬಿನಲ್ಲಿ ಪೂಜೆ ಇಟ್ಟುಕೊಂಡರು. ಎಲ್ಲ ಯಂತ್ರಗಳನ್ನೂ ಒರೆಸಿ ಚೆಂಡು ಹೂ ಕಟ್ಟಿದೆವು. ನಸೀಮಾ ಆ ಬಿಳಿ ಹಾಳೆ ನೆನೆಸುವ ತನ್ನ ಪ್ಲಾಸ್ಟಿಕ್ ಡಬ್ಬಿಯನ್ನು ಮುಂದೆ ಹಿಡಿದು, “ನಂದಕ್ಕೂ ಒಂದು ಹೂವು ಇಡ್ರಿ ಅಮ್ಮ, ಗೆರಿ ಚೊಲೋ ಬರ್ಲಿ. ನಮ್ಮ ಅಬ್ಬಾಗ ಹೇಳಬ್ಯಾಡ್ರಿ ಮತ್ತ!” ಎಂದು ನಗಿಸಿ, ನಾಲ್ಕರ ಬಸ್ಸಿಗೆ ಊರಿಗೆ ಹೋದಳು.

ಆರತಿಯ ಹೊತ್ತಿಗೆ ಆಫೀಸಿನ ಹೆಂಗಸರು ತಟ್ಟೆ ಹಿಡಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಯಾರೂ ದೂರ ನಿಲ್ಲು ಎನ್ನಲಿಲ್ಲ — ಬಾ ಎಂದೂ ಅನ್ನಲಿಲ್ಲ. ಗಂಡ ಹೋದ ಮೇಲೆ ಇಂಥಲ್ಲಿ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಆದರೆ ಒಳಕೋಣೆಯ ಫ್ರೀಜರನ್ನು ದಿನಾ ಒರೆಸುವವಳು ನಾನು. ಅದಕ್ಕೊಂದು ಪೂಜೆ ನನ್ನ ಕೈಯಿಂದಲೇ ಆಗಲಿ ಎಂಬ ಆಸೆ. ಎಲ್ಲರೂ ಮುಂದಿನ ಕೋಣೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದಾಗ ಒಳಗೆ ಹೋದೆ. ಒದ್ದೆ ಬಟ್ಟೆಗೆ ಕರೆಂಟು ಹೊಡೆದೀತೆಂದು ಪ್ಲಗ್ಗು ಕಿತ್ತೆ. ಒರೆಸಿದೆ. ವಿಭೂತಿ ಹಚ್ಚಿ, ನಡುವೆ ಕುಂಕುಮ ಇಟ್ಟೆ — ಎಷ್ಟೋ ವರ್ಷಗಳ ಮೇಲೆ ನನ್ನ ಬೆರಳಿಗೆ ಕುಂಕುಮ ತಾಗಿತ್ತು. ಅಷ್ಟರಲ್ಲಿ ಯಾರೋ ಬರುವ ಸಪ್ಪಳವಾಯಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಓಡಿಬಂದೆ. ಪ್ಲಗ್ಗು ನೆಲದ ಮೇಲೆಯೇ ಉಳಿಯಿತು.

ರಜೆ ಮುಗಿಸಿ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದವಳೂ ನಾನೇ. ಫ್ರೀಜರಿನ ಕೆಳಗೆ ನೀರು. ಪ್ಲಗ್ಗು ಹಾಕಿದೆ, ನೀರು ಬಳಿದೆ, ಕುಂಕುಮವನ್ನೂ ಒರೆಸಿಬಿಟ್ಟೆ. ಸಂಜೆಯ ಹೊತ್ತಿಗೆ ಎಲ್ಲವೂ ಮತ್ತೆ ಗಡ್ಡೆ ಕಟ್ಟಿತ್ತು. ಶೀಶೆ ಮೊದಲಿನಂತೆಯೇ ಕಾಣುತ್ತಿತ್ತು.

ಆಮೇಲೆ ನಸೀಮಾಳಿಗೆ ಒಂದು ಗೆರೆಯೂ ಬರಲಿಲ್ಲ. ಅದೇ ಫ್ರೀಜರಿನಲ್ಲಿಟ್ಟಿದ್ದ ಅವಳ ಮಾದರಿಗಳದ್ದೂ ಇಲ್ಲ, ನೀಲಿ ಮುಚ್ಚಳದ್ದೂ ಇಲ್ಲ. ಮತ್ತೆ ಮತ್ತೆ ಮಾಡಿದಳು. ಮಾಡಿದಷ್ಟೂ ಬರೀ ಬಿಳಿ ಹಾಳೆ. ಹಬ್ಬಕ್ಕೆ ಮೊದಲು ಬಂದಿದ್ದ ಚೆಂದದ ಗೆರೆಗಳ ಚಿತ್ರವನ್ನು ಮುಂದಿಟ್ಟುಕೊಂಡು ಅವಳ ಗೈಡ್ ಸರ್ ಕೇಳತೊಡಗಿದರು — ಹಾಗಾದರೆ ಇವು ಎಲ್ಲಿಂದ ಬಂದವು?

“ಸರ್, ಹಬ್ಬದಾಗ ಫ್ರೀಜರ್ ಬಂದ್ ಆಗಿರಬೇಕ್ರಿ,” ಎಂದಳು ಅವಳು.

ಸರ್ ನನ್ನ ಕಡೆ ತಿರುಗಿದರು. “ಏನ್ ಗಂಗಮ್ಮ, ನೀವ ಬಾಗಿಲಾ ತಗದೋರು. ಬಂದ್ ಇತ್ತೇನು?”

ನನ್ನ ಕೈಯಲ್ಲಿ ನೆಲ ಒರೆಸುವ ಬಟ್ಟೆ ಇತ್ತು. ಗಂಡ ಸತ್ತವಳು ಕದ್ದು ಪೂಜೆ ಮಾಡಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ, ಕೆಲಸವೂ ಹೋಗುತ್ತದೆ ಎಂದು… ಇರಲಿ. ಏನು ಅನ್ನಿಸಿತೆಂದು ಬರೆದರೆ ಅದು ನೆಪವಾಗುತ್ತದೆ.

“ಇಲ್ರಿ ಸರ. ಚಾಲೂ ಇತ್ತು.”

ಅಷ್ಟೇ. ಅವಳು ನನ್ನ ಮಾತನ್ನು ನಂಬಿದಳು. ಸರ್ ಅವಳನ್ನು ನಂಬಲಿಲ್ಲ. ಮೊದಲಿನ ಚಿತ್ರವೇ ಸುಳ್ಳು ಎಂದರು. ಕೆಲವು ತಿಂಗಳಿಗೆ ಅವಳು ಓದು ಬಿಟ್ಟಳು. ಹೋಗುವ ದಿನ ನನ್ನ ಕೈ ಹಿಡಿದು, “ನೀವೊಬ್ರ ನನ್ನ ಮ್ಯಾಲ ಸಿಟ್ಟಾಗಲಿಲ್ಲ ಅಮ್ಮ,” ಎಂದಳು. ನಾನು ಆಗಲೂ ಸುಮ್ಮನಿದ್ದೆ.

ಶರಣು ಕೇಳಿದ ಮಾರನೆಯ ವಾರ ನಾನು ಸಿರುಗುಪ್ಪಕ್ಕೆ ಹೋಗಿದ್ದೆ. ಅಜ್ಜಿ ಕುರುಗೋಡಿಗೆ ಹೋಗಿದ್ದಾಳೆ ಎಂದು ನೀವು ಅಂದುಕೊಂಡಿರಿ. ಸಿರಿಗೇರಿ ದಾಟುವವರೆಗೂ ಮಾತು ಜೋಡಿಸಿಕೊಂಡೆ. ಬಸ್ಸಿಳಿದಾಗ ಒಂದೂ ಉಳಿದಿರಲಿಲ್ಲ. ಕೇಳುತ್ತಾ ಹೋಗಿ ಮನೆ ಹುಡುಕಿದೆ. ನಸೀಮಾಳ ತಲೆ ಅರ್ಧ ನರೆತಿದೆ. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಗುರುತು ಹಿಡಿದು ಓಡಿಬಂದು, “ಅಮ್ಮಾ, ಬರ್ರಿ ಬರ್ರಿ,” ಎಂದು ಕೂರಿಸಿ ಚಹಾ ಕೊಟ್ಟಳು. ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟೆ. ಪ್ಲಗ್ಗು, ಕುಂಕುಮ, ನೀರು, ನನ್ನ ಸುಳ್ಳು — ಎಲ್ಲ.

ಅವಳು ಬೈಯಲಿಲ್ಲ, ಅಳಲಿಲ್ಲ. ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ಚಾಚಿ ನೋಡಿಕೊಂಡಳು.

“ನನ್ನ ಕೈಯಾಗ ಏನೋ ಕೆಟ್ಟೈತಿ ಅಂದ್ಕೊಂಡಿದ್ನಿ,” ಎಂದಳು. ಕೈಗಳನ್ನು ಮಡಚಿಕೊಂಡು, “ಆವತ್ತ ಹೇಳಿದ್ರ ಬ್ಯಾರೆ ಶೀಶಿ ತರಸ್ತಿದ್ವಿ ಅಮ್ಮ. ನಾ ಮತ್ತ ಮೊದಲಿಂದ ಮಾಡ್ತಿದ್ನಿ. ಅಷ್ಟ ಇತ್ತು.”

ಅಷ್ಟೇ ಇತ್ತು.

ನಾನು ಸರ್‌ಗೂ ಹೋಗಿ ಹೇಳುತ್ತೇನೆ ಎಂದೆ. “ಅವ್ರು ತೀರ್ಕೊಂಡು ಭಾಳ ದಿನ ಆತು. ಇನ್ನ ಯಾರಿಗೆ ಹೇಳ್ತೀರಿ?” ಎಂದು ಎದ್ದು ಮಷಿನ್ನಿನ ಮುಂದೆ ಕೂತಳು. ಮತ್ತೆ ನನ್ನ ಕಡೆ ನೋಡಲಿಲ್ಲ. ಚಹಾ ಆರಿ ಕೆನೆಗಟ್ಟಿತ್ತು. ಅದನ್ನು ಕುಡಿಯುವುದೋ ಬಿಡುವುದೋ ತಿಳಿಯದೆ ಹಾಗೆಯೇ ಇಟ್ಟು ಹೊರಟೆ. ಕ್ಷಮಿಸು ಎಂದು ಕೇಳಲಿಲ್ಲ. ಅದನ್ನೂ ಅವಳಿಂದ ಇಸಿದುಕೊಂಡು ಬರುವುದು ಬೇಡವೆನಿಸಿತು.

ಇನ್ನು ಯಾರಿಗೆ ಹೇಳುವುದು — ನೀವಿದ್ದೀರಿ. ಇದನ್ನು ಓದಿ ನನ್ನ ಬಗ್ಗೆ ನಿಮಗೆ ಏನನ್ನಿಸಿದರೂ ಅದನ್ನು ತಡೆದುಕೊಳ್ಳಬೇಡಿ. ಶರಣೂ, ನೀನು ಕೇಳಿದ್ದೆಯಲ್ಲ — ಹೌದಪ್ಪ, ಒಡೆದಿದ್ದೇನೆ.