ಕುರ್ಚಿಗಳ ಜಾಗ

ಅಪ್ಪನ ಇರುಳುಗುರುಡು ನನಗೂ ಬಂದಿತ್ತು. ಅವರಿಗೆ ಕೊನೆಗೆ ಹಗಲೂ ಕಾಣದಾಗಿತ್ತು. ಇದನ್ನು ಮುಚ್ಚಿಡಲು ಚಿಕ್ಕಮ್ಮ, ಹೆಣ್ಣು ನೋಡಲು ಬೆಳಿಗ್ಗೆಯೇ ಬನ್ನಿ ಎಂದು ಗಂಡಿನ ಕಡೆಯವರಿಗೆ ಹೇಳಿಕಳಿಸಿದ್ದರು. ಬಲ್ಮಠದಿಂದ ಅವರು ಬಂದದ್ದು ಹೊತ್ತು ಕಂತಿ ಚಿಮಿಣಿ ಹಚ್ಚಿದ ಮೇಲೆ. ನಮ್ಮ ಮನೆಯೊಳಗೆ ನನಗೆ ಬೆಳಕು ಬೇಕಿರಲಿಲ್ಲ. ಆದರೆ ನೆಂಟರಿಗಾಗಿ ಚಿಕ್ಕಮ್ಮ ಕುರ್ಚಿಗಳ ಜಾಗ ಬದಲಿಸಿದ್ದರು. ನಾನು ಎಡವಿದೆ, ಚಹಾ ಗಂಡಿನ ತಂದೆಯ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಿತು.

"ಹುಡುಗಿಗೆ ನಾಚಿಕೆ, ಬೇರೆ ಎಂತ ಇಲ್ಲ," ಎಂದರು ಚಿಕ್ಕಮ್ಮ.

"ನಾಚಿಕೆ ಎಂತದ್ದು? ಕತ್ತಲಾದರೆ ನನಗೆ ಕಣ್ಣು ಕಾಣುದಿಲ್ಲ. ಅಪ್ಪನಿಂದ ಬಂದದ್ದು. ನಾಳೆ ಮಕ್ಕಳಿಗೂ ಬರಬಹುದು," ಎಂದೆ.

ಗಂಡಿನ ಕಡೆಯವರು ಎದ್ದು ಹೋದರು.

"ಬಾಯಿ ಮುಚ್ಚಿ ಕೂತಿದ್ರೆ ಎಂತ ಆಗ್ತಿತ್ತು ಮಾರಾಯ್ತಿ?" ಎಂದು ಚಿಕ್ಕಮ್ಮ ಅತ್ತರು.

ನಾನು ಚಿಮಿಣಿ ಊದಿ ಆರಿಸಿ, ಕುರ್ಚಿಗಳನ್ನು ಒಂದೊಂದಾಗಿ ಹಳೆಯ ಜಾಗಕ್ಕೆ ಎಳೆದೆ. ಈ ಸಲ ಎಡವಿದ್ದು ಚಿಕ್ಕಮ್ಮ.